ಸಿಯೆರಾ ಲಿಯೋನ್ ಹಳ್ಳಿಯ ಹೆರಿಗೆ ಕೋಣೆಗೆ ಸೋಲಾರ್: ಈ ಪಟ್ಟಿ ಸಾಕಾಗುತ್ತಾ?

ದೀಪದಮಲ್ಲಿ:
ಎಲ್ಲರಿಗೂ ನಮಸ್ಕಾರ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಟೋಂಕೊಲಿಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ತಾಯಿ-ಮಕ್ಕಳ ಆರೋಗ್ಯ ಕೇಂದ್ರ ಇದೆ. ಎರಡು ಕೋಣೆ, ಒಂದು ಜಗಲಿ, ಮೇಲೆ ಝಿಂಕ್ ಶೀಟು. ಕರೆಂಟ್ ಲೈನ್ ಹತ್ತಿರದಲ್ಲೆಲ್ಲೂ ಇಲ್ಲ. ರಾತ್ರಿ ಹೆರಿಗೆಯಾದರೆ ನರ್ಸಮ್ಮ ಟಾರ್ಚನ್ನು ಕತ್ತಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಕೆಲಸ ಮಾಡಬೇಕು. ಅಲ್ಲಿಗೆ ಸೋಲಾರ್ ಹಾಕಿಸಲು ಹಣ ಕೂಡಿದೆ. ಅಂಗಡಿಯವರು ಕೊಟ್ಟ ಪಟ್ಟಿ ಇದು:

100 ವಾಟ್ ಪ್ಯಾನೆಲ್ ಒಂದು, 12 ವೋಲ್ಟ್ 100 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿ ಒಂದು, 600 ವಿ.ಎ. ಇನ್ವರ್ಟರ್, 9 ವಾಟ್ ಎಲ್‌ಇಡಿ ಬಲ್ಬ್ ಆರು, ಲಸಿಕೆ ಇಡಲು 150 ಲೀಟರ್ ಫ್ರಿಜ್, ಮೊಬೈಲ್ ಚಾರ್ಜಿಂಗ್ ಬೋರ್ಡ್.

ಇಷ್ಟು ಸಾಕಾ? ಎಲ್ಲಿ ಕೈಕೊಡಬಹುದು? ತಿಳಿದವರು ದಯವಿಟ್ಟು ಮುಲಾಜಿಲ್ಲದೆ ಹೇಳಿ.

ಧಾರವಾಡ_ವೈರಿಂಗ್:
ಅಕ್ಕಾರ, ಮೊದ್ಲ ಆ ಇನ್ವರ್ಟರ್ ತೆಗೀರಿ. ಒಂದ್ ಬಲ್ಬ್ ಹಚ್ಚದಿದ್ರೂ ಅದು ತನ್ನಷ್ಟಕ್ಕ ತಾನ 12 ವಾಟ್ ಆಸುಪಾಸು ತಿಂತದ. 24 ತಾಸಿಗೆ 288 ವಾಟ್-ಅವರ್ (ವಾಟ್ ಗುಣಸು ತಾಸು) ಆತು. ನಿಮ್ಮ ಆರೂ ಬಲ್ಬ್ ಆರ್ ತಾಸು ಉರದ್ರ 324. ಅಂದ್ರ ಬಲ್ಬ್ ತಿನ್ನೋದ್ರ ಹತ್ರಹತ್ರ ಅಷ್ಟ ಇನ್ವರ್ಟರ್ ಸುಮ್ನ ಕುಂತು ತಿಂತದ. ಬ್ಯಾಟರಿಯಿಂದ ಸೀದಾ ಉರಿಯೋ 12 ವೋಲ್ಟ್ ಡಿಸಿ ಬಲ್ಬ್ ಹಾಕ್ರಿ, ಇನ್ವರ್ಟರ್ ಬ್ಯಾಡೇ ಬ್ಯಾಡ.

ಮಲೆನಾಡ್ಮಳೆ:
ಪಟ್ಟಿ ಮಾಡಿದವರು ಬಿಸಿಲುಗಾಲದ ಲೆಕ್ಕ ಹಾಕಿದ್ದಾರೆ. ಸಿಯೆರಾ ಲಿಯೋನ್ ಮಳೆ ಅಂದರೆ ನಮ್ಮ ಘಟ್ಟದ ಮಳೆಯ ಹಾಗೆ. ಮೇ ತಿಂಗಳಲ್ಲಿ ಶುರುವಾಗಿ ಅಕ್ಟೋಬರ್-ನವೆಂಬರ್‌ವರೆಗೆ ಇರುತ್ತದೆ, ಜುಲೈ-ಆಗಸ್ಟ್‌ನಲ್ಲಿ ದಿನಗಟ್ಟಲೆ ಮೋಡ. ಒಣ ತಿಂಗಳಲ್ಲಿ ಐದೂವರೆ ಗಂಟೆಯಷ್ಟು ಪೂರ್ಣ ಬಿಸಿಲು ಸಿಕ್ಕರೆ ಆಗಸ್ಟ್‌ನಲ್ಲಿ ಮೂರೂವರೆ ಅಂತಲೇ ಇಟ್ಟುಕೊಳ್ಳಬೇಕು. 100 ವಾಟ್ ಪ್ಯಾನೆಲ್‌ನಿಂದ ಆಗ ಕೈಗೆ ಸಿಗುವುದು 260 ವಾಟ್-ಅವರ್. ಮೇಲಿನವರ ಲೆಕ್ಕದ ಪ್ರಕಾರ ಖರ್ಚು 612, ಅದೂ ಫ್ರಿಜ್ ಬಿಟ್ಟು. ಮೊದಲ ಮಳೆಗಾಲದಲ್ಲೇ ಬ್ಯಾಟರಿ ಸತ್ತುಹೋಗುತ್ತದೆ.

ಲಸಿಕೆಪೆಟ್ಟಿಗೆ:
ಮನೆ ಫ್ರಿಜ್‌ನಲ್ಲಿ ಲಸಿಕೆ ಇಡಬೇಡಿ. ಮೊದಲು ಇದನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ.

ಲಸಿಕೆಗೆ 2ರಿಂದ 8 ಡಿಗ್ರಿ ಬೇಕು. ಬಿಸಿಯಿಂದ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಥರದವು ಹೆಪ್ಪುಗಟ್ಟಿದರೂ ಕೆಡುತ್ತವೆ ಅನ್ನುವುದನ್ನು ಮರೆಯುತ್ತೇವೆ. ಮನೆ ಫ್ರಿಜ್‌ನ ಹಿಂಗೋಡೆಗೆ ತಾಗಿದ ಬಾಟಲಿ ಸುಲಭವಾಗಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಇರುತ್ತದೆ, ಮಗುವಿಗೆ ರಕ್ಷಣೆ ಮಾತ್ರ ಸಿಗುವುದಿಲ್ಲ.

ಇದಕ್ಕೆಂದೇ ಡೈರೆಕ್ಟ್ ಡ್ರೈವ್ ಸೋಲಾರ್ ಫ್ರಿಜ್ ಬರುತ್ತದೆ. ಬ್ಯಾಟರಿ ಇಲ್ಲ. ಹಗಲು ಪ್ಯಾನೆಲ್ ನೇರವಾಗಿ ಕಂಪ್ರೆಸರ್ ಓಡಿಸಿ ಒಳಗೆ ಮಂಜುಗಡ್ಡೆ ಕಟ್ಟುತ್ತದೆ, ರಾತ್ರಿ ಆ ಮಂಜೇ ತಂಪು ಕಾಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಮಾದರಿಗಳ ಪಟ್ಟಿ ಇದೆ, ಅದರಲ್ಲಿರುವ ಮಾದರಿಗಳು ಕನಿಷ್ಠ 3 ದಿನ ಬಿಸಿಲಿಲ್ಲದೆ ತಡೆಯಬೇಕು. ಅದರ ಪ್ಯಾನೆಲ್‌ಗಳಿಗೆ ನೀವಾಗಿ ಬೇರೇನನ್ನೂ ಜೋಡಿಸಕೂಡದು, ಒಂದು ಮೊಬೈಲ್ ಕೂಡ. ಇವುಗಳನ್ನು ಸಾಮಾನ್ಯವಾಗಿ ಸರ್ಕಾರದ ಲಸಿಕೆ ಕಾರ್ಯಕ್ರಮದ ಮೂಲಕವೇ ಕೊಡುತ್ತಾರೆ. ಜಿಲ್ಲಾ ಆರೋಗ್ಯ ತಂಡವನ್ನು ಕೇಳದೆ ನೀವಾಗಿ ಫ್ರಿಜ್ ಕೊಂಡುಹೋಗಬೇಡಿ.

ದೀಪದಮಲ್ಲಿ:
ಫ್ರಿಜ್ ಪಟ್ಟಿಯಿಂದ ತೆಗೆದೆ. ಇನ್ವರ್ಟರ್ ಕೂಡ. ಹಾಗಾದರೆ ದೀಪಕ್ಕೆ ಮಾತ್ರ ಎಷ್ಟು ಬೇಕು? ಆಕ್ಸಿಜನ್ ಕಾನ್ಸನ್‌ಟ್ರೇಟರ್ ಕೂಡ ಕೊಡೋಣ ಅಂತ ಒಬ್ಬರು ಹೇಳುತ್ತಿದ್ದಾರೆ.

ತಂತಿಕಂಬ:
ಇದೆಲ್ಲ ತೇಪೆ ಕೆಲಸ ಅನ್ನಿಸುತ್ತದೆ ನನಗೆ. ಟೋಂಕೊಲಿಲಿಯಲ್ಲೇ ಬುಂಬುನಾ ಅಣೆಕಟ್ಟು ಇದೆಯಲ್ಲ? ಜಿಲ್ಲೆಯಲ್ಲೇ ಕರೆಂಟ್ ಹುಟ್ಟುತ್ತಿದ್ದರೆ ಊರಿಗೆ ಲೈನ್ ಎಳೆಸುವುದಕ್ಕೆ ಹೋರಾಡಬೇಕು. ಪ್ಯಾನೆಲ್ ದಾನ ಮಾಡುತ್ತಾ ಕೂತರೆ ಸರ್ಕಾರ ಆರಾಮಾಗಿ ಕೈತೊಳೆದುಕೊಳ್ಳುತ್ತದೆ.

ಲೆಕ್ಕದಪುಸ್ತಕ:
@ತಂತಿಕಂಬ, ಆಸೆ ಸರಿ, ಆದರೆ ಲೆಕ್ಕ ನೋಡಿ. ಬುಂಬುನಾ 50 ಮೆಗಾವಾಟ್‌ದು. ಕೆಲಸ 1980ರ ದಶಕದಲ್ಲಿ ಶುರುವಾಯಿತು, 1991ರಿಂದ 2002ರವರೆಗಿನ ಅಂತರ್ಯುದ್ಧದಲ್ಲಿ ನಿಂತಿತು, ಕರೆಂಟ್ ಬಂದದ್ದು 2009ರಲ್ಲಿ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಅರ್ಧಕ್ಕಿಂತ ಎಷ್ಟೋ ಕೆಳಗೆ ಬೀಳುತ್ತದೆ. 161 ಕಿಲೋವೋಲ್ಟ್ ಲೈನ್ ಅಲ್ಲಿಂದ ಸುಮಾರು 200 ಕಿಲೋಮೀಟರ್ ದೂರದ ರಾಜಧಾನಿ ಫ್ರೀಟೌನ್‌ಗೆ ಹೋಗುತ್ತದೆ. ಕಂಬದ ಕೆಳಗಿನ ಹಳ್ಳಿಗೆ ಅದರಿಂದ ಒಂದು ಬಲ್ಬ್ ಹಚ್ಚಬೇಕಾದರೂ ಸಬ್‌ಸ್ಟೇಷನ್ ಬೇಕು, 33 ಮತ್ತು 11 ಕಿಲೋವೋಲ್ಟ್ ಲೈನ್ ಬೇಕು, ಟ್ರಾನ್ಸ್‌ಫಾರ್ಮರ್ ಬೇಕು. ಅಷ್ಟೆಲ್ಲ ಹಾಕಿದ ಮೇಲೆ ಒಂದೊಂದು ಮನೆಯವರು ತಿಂಗಳಿಗೆ ಉರಿಸುವುದು ನಾಲ್ಕೈದು ಯೂನಿಟ್. ಬಂಡವಾಳ ವಾಪಸ್ ಬರುವುದಿಲ್ಲ, ಹಾಗಾಗಿ ಯಾರೂ ಹಾಕುವುದಿಲ್ಲ. ಕರೆಂಟ್ ಇಲ್ಲ ಅಂತ ಗಿರಣಿ ಬರುವುದಿಲ್ಲ, ಗಿರಣಿ ಇಲ್ಲ ಅಂತ ಸಂಪಾದನೆ ಹೆಚ್ಚುವುದಿಲ್ಲ, ಸಂಪಾದನೆ ಇಲ್ಲ ಅಂತ ಕರೆಂಟ್ ಬರುವುದಿಲ್ಲ. ದೇಶದ ಹಳ್ಳಿಗಾಡಿನಲ್ಲಿ ಕರೆಂಟ್ ಇರುವ ಮನೆ ನೂರಕ್ಕೆ ಹತ್ತೂ ಇಲ್ಲ.

ರಾಜಧಾನಿಯೇ ಏದುಸಿರು ಬಿಡುತ್ತಿದೆ. 2018ರಲ್ಲಿ ಫ್ರೀಟೌನ್ ಬಂದರಿಗೆ ಟರ್ಕಿಯ ಒಂದು ಹಡಗು ಬಂದು ನಿಂತು ಕರೆಂಟ್ ಮಾರತೊಡಗಿತು. ಬಾಕಿ ಏರಿದಾಗ 2023ರಲ್ಲಿ ಪೂರೈಕೆ ಇಳಿಸಿದರು. 2024ರ ಏಪ್ರಿಲ್‌ನಲ್ಲಿ ವಾರಗಟ್ಟಲೆ ಕತ್ತಲಾಗಿ ಇಂಧನ ಸಚಿವರೇ ರಾಜೀನಾಮೆ ಕೊಟ್ಟರು.

ತಂತಿಕಂಬ:
ಐವರಿ ಕೋಸ್ಟ್‌ನಿಂದ ಲೈಬೀರಿಯಾ, ಸಿಯೆರಾ ಲಿಯೋನ್ ದಾಟಿ ಗಿನಿಗೆ 225 ಕಿಲೋವೋಲ್ಟ್ ಲೈನ್ ಬಂದಿದೆ, 1,300 ಕಿಲೋಮೀಟರ್. ಅದನ್ನೂ ಹೇಳಿ. ಬೊ, ಕೆನೆಮಾ ಊರುಗಳಿಗೆ ಅದರಿಂದ ಕರೆಂಟ್ ಬರುತ್ತಿದೆ. ಮೊದಲು ಮುಖ್ಯವಾಗಿ ಕೆನೆಮಾ ಹತ್ತಿರದ ದೋದೋ ಜಲವಿದ್ಯುತ್ ಕೇಂದ್ರವನ್ನು ನಂಬಿಕೊಂಡಿದ್ದವು, ಬೇಸಿಗೆಯಲ್ಲಿ ಅದೂ ಒಣಗುತ್ತಿತ್ತು.

ಲೆಕ್ಕದಪುಸ್ತಕ:
ಒಪ್ಪಿದೆ, ಪಟ್ಟಣಕ್ಕೆ ಅದೇ ದಾರಿ. ಆದರೆ ಹಳ್ಳಿಯ ಹೆರಿಗೆ ಆ ಲೈನ್ ಬರುವ ತನಕ ಕಾಯುವುದಿಲ್ಲ. 2013ರ ಸಮೀಕ್ಷೆಯಲ್ಲಿ ಆ ದೇಶದಲ್ಲಿ ಲಕ್ಷ ಜನನಕ್ಕೆ 1,165 ತಾಯಂದಿರ ಸಾವು. 2019ರಲ್ಲಿ 717. ಇಳಿದಿದೆ, ಆದರೂ ಎದೆ ಝಲ್ ಅನ್ನುವ ಸಂಖ್ಯೆ. ಹೆರಿಗೆಯಾದ ಮೇಲೆ ರಕ್ತ ಹೋಗುತ್ತಿರುವುದು ಕಣ್ಣಿಗೆ ಕಾಣಬೇಕಾದರೆ ಬೆಳಕು ಬೇಕು.

ಬೊಂಬಾಯಿಮಿಠಾಯಿ:
ನಮ್ಮಲ್ಲೂ 1902ರಲ್ಲಿ ಶಿವನಸಮುದ್ರದ ಕರೆಂಟ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ದಾರಿಯಲ್ಲಿದ್ದ ಹಳ್ಳಿಗಳು ಎಷ್ಟೋ ವರ್ಷ ಕತ್ತಲಲ್ಲೇ ಇದ್ದವು. ಸಿಯೆರಾ ಲಿಯೋನ್‌ನಲ್ಲೂ ಗಣಿಗಳು ಸ್ವಂತ ಜನರೇಟರ್ ಇಟ್ಟುಕೊಂಡು ಬೆಳಗುತ್ತಿವೆ, ಸುತ್ತಲ ಊರು ಕತ್ತಲು.

ಮಲೆನಾಡ್ಮಳೆ:
ವಿಷಯಕ್ಕೆ ಬರೋಣ. ಅಕ್ಕ ಕೇಳಿದ ಲೆಕ್ಕ:

ಸಾಧಾರಣ ದೀಪ ನಾಲ್ಕು, ತಲಾ 7 ವಾಟ್, 5 ಗಂಟೆ: 140. ಹೆರಿಗೆ ಮಂಚದ ಮೇಲೆ 10 ವಾಟ್, ಇಡೀ ರಾತ್ರಿ 12 ಗಂಟೆ ಅಂತಲೇ ಹಿಡಿಯಿರಿ: 120. ಸಿಬ್ಬಂದಿ ಫೋನು, ರೇಡಿಯೋ: 60. ಒಟ್ಟು 320 ವಾಟ್-ಅವರ್. ಸೋರಿಕೆ ಸೇರಿಸಿ 400. ಆಗಸ್ಟ್‌ನ ಮೂರೂವರೆ ಗಂಟೆಯಿಂದ ಭಾಗಿಸಿದರೆ 115 ವಾಟ್. ಧೂಳು, ಹಳತಾಗುವುದು ಎಲ್ಲ ಸೇರಿ 150-160 ವಾಟ್ ಪ್ಯಾನೆಲ್ ಹಾಕಿ.

ಬ್ಯಾಟರಿ: ಮೂರು ದಿನ ಬಿಸಿಲಿಲ್ಲದೆ ನಡೆಯಬೇಕು, 1,200. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು, ಆದ್ದರಿಂದ 2,400. 12 ವೋಲ್ಟ್‌ಗೆ 200 ಎ.ಎಚ್. ಲಿಥಿಯಂ ಐರನ್ ಫಾಸ್ಫೇಟ್ ಆದರೆ ನೂರಕ್ಕೆ ಎಂಬತ್ತು ಬಳಸಬಹುದು, 120 ಎ.ಎಚ್. ಸಾಕು.

ಆಕ್ಸಿಜನ್ ಯಂತ್ರ ಬೇರೆಯೇ ಲೋಕ. 5 ಲೀಟರಿನದು 350 ವಾಟ್ ತಿನ್ನುತ್ತದೆ. ದಿನಕ್ಕೆ 8 ಗಂಟೆ ಓಡಿಸಿದರೆ 2,800. ಅದೊಂದಕ್ಕೇ ಒಂದು ಕಿಲೋವಾಟ್‌ಗಿಂತ ಹೆಚ್ಚು ಪ್ಯಾನೆಲ್ ಬೇಕು. ಈ ಪುಟ್ಟ ಕೇಂದ್ರಕ್ಕೆ ಬೇಡ, ದೊಡ್ಡ ಸಮುದಾಯ ಆರೋಗ್ಯ ಕೇಂದ್ರಕ್ಕೆ ಸರಿ. ಬ್ರಿಟನ್ನಿನ ಹಣದಲ್ಲಿ ವಿಶ್ವಸಂಸ್ಥೆಯ ಯುನಾಪ್ಸ್ 2016ರಿಂದ ನಡೆಸಿದ ಗ್ರಾಮೀಣ ಯೋಜನೆಯಲ್ಲಿ ಇಂಥ ದೊಡ್ಡ ಕೇಂದ್ರಗಳಿಗೇ ಮೊದಲು ಸೋಲಾರ್ ಹಾಕಿ, ಆಮೇಲೆ ಅದನ್ನು ಊರಿಗೂ ಹಂಚುವ ಮಿನಿಗ್ರಿಡ್ ಮಾಡಿದರು. ನಿಮ್ಮ ಹಳ್ಳಿ ಆ ಪಟ್ಟಿಯಲ್ಲಿ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಧಾರವಾಡ_ವೈರಿಂಗ್:
ಲೆಕ್ಕ ಛಲೋ ಅದ. ಈಗ ಕೆಡೋ ಜಾಗ ಹೇಳ್ತೀನಿ.

ಕೇಬಲ್. ಪ್ಯಾನೆಲ್‌ನಿಂದ ಬ್ಯಾಟರಿಗೆ 20 ಮೀಟರ್ ಅಂತ ಹಿಡೀರಿ. ಮನಿ ವೈರಿಂಗಿನ 1.5 ಸ್ಕ್ವೇರ್ ಎಂಎಂ ತಂತಿ ಹಾಕಿದ್ರ, ಹೋಗಿ-ಬರೋದು 40 ಮೀಟರ್, ರೆಸಿಸ್ಟೆನ್ಸ್ ಅರ್ಧ ಓಮ್‌ಗೆ ಸಮೀಪ. 5 ಆಂಪಿಯರ್ ಹರಿದ್ರ 2.4 ವೋಲ್ಟ್ ದಾರ್ಯಾಗ ಹೋತು. ಬ್ಯಾಟರಿ ಯಾವತ್ತೂ ಪೂರ್ತಿ ತುಂಬೂದಿಲ್ಲ, ಎಲ್ಲಾರೂ ಬ್ಯಾಟರಿಗೆ ಬೈತಾರ. 6 ಸ್ಕ್ವೇರ್ ಹಾಕ್ರಿ, ಕಳಕೊಳ್ಳೋದು 0.6 ವೋಲ್ಟ್ ಅಷ್ಟ.

ಕಂಟ್ರೋಲರ್. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವ ಕುಂತು ಚಾರ್ಜ್ ನೋಡ್ಕೊಳ್ಳೋ ಪೆಟಗಿ ಇದು. ಈಗ ಪ್ಯಾಟ್ಯಾಗ 300 ವಾಟ್‌ನ ದೊಡ್ಡ ಪ್ಯಾನೆಲ್ ಸೋವಿ ಸಿಗ್ತಾವ ಅಂತ ತಂದು ಸಾದಾ ಪಿಡಬ್ಲ್ಯುಎಂ ಕಂಟ್ರೋಲರಿಗೆ ಹಚ್ಚತಾರ. ಆ ಪ್ಯಾನೆಲ್ 31-32 ವೋಲ್ಟಿನವು. ಕಂಟ್ರೋಲರ್ ಅದನ್ನ ಬ್ಯಾಟರಿ ವೋಲ್ಟಿಗೆ ಜಗ್ಗತದ. ಒಂಬತ್ತೂವರೆ ಆಂಪಿಯರ್ ಗುಣಸು 13, ಸಿಗೋದು 125 ವಾಟ್. ಅರ್ಧಕ್ಕಿಂತ ಹೆಚ್ಚು ದಂಡ. ಒಂದಾ 36 ಸೆಲ್‌ನ 12 ವೋಲ್ಟ್ ಪ್ಯಾನೆಲ್ ತರ್ರಿ, ಇಲ್ಲಾ ಹೆಚ್ಚಿನ ವೋಲ್ಟ್ ದಂಡ ಮಾಡದ ಎಂಪಿಪಿಟಿ ಕಂಟ್ರೋಲರ್ ತರ್ರಿ.

ಕಟ್-ಆಫ್. ಬ್ಯಾಟರಿ ಎಷ್ಟಕ್ಕ ಇಳದ್ರ ದೀಪ ಆರಸಬೇಕು ಅನ್ನೋ ವೋಲ್ಟ್ ಇದು. ಎಷ್ಟೋ ಕಂಟ್ರೋಲರ್ ಫ್ಯಾಕ್ಟ್ರಿಯಿಂದ 11 ವೋಲ್ಟ್ ಹತ್ರ ಸೆಟ್ ಆಗಿ ಬರ್ತಾವ. ಅಷ್ಟೊತ್ತಿಗೆ ಸೀಸದ ಬ್ಯಾಟರಿ ಖಾಲಿ ಆದಂಗ. 11.8ಕ್ಕ ಏರಿಸ್ರಿ.

ಕಡೀಗೆ ಒಂದು. ದೀಪ ಆರಿದ ರಾತ್ರಿ ಯಾರೋ ಒಬ್ರು ಕಂಟ್ರೋಲರ್ ಬಿಟ್ಟು ಬಲ್ಬಿನ ತಂತಿ ಸೀದಾ ಬ್ಯಾಟರಿಗೆ ಹಚ್ಚತಾರ. ಬೆಳಕು ಬರ್ತದ. ತಿಂಗಳೊಪ್ಪತ್ತಿನ್ಯಾಗ ಬ್ಯಾಟರಿ ಸಾಯ್ತದ. ಬ್ಯಾಟರಿ ಪೆಟಗಿಗೆ ಕೀಲಿ ಹಾಕ್ರಿ, ಕಂಟ್ರೋಲರಿನ ಕೆಂಪು ದೀಪ ಅಂದ್ರ ಏನು ಅನ್ನೋದು ಅಲ್ಲಿನ ಕ್ರಿಯೊ ಭಾಷಾದಾಗ ಗ್ವಾಡಿಗೆ ಬರದು ಹಚ್ಚರಿ.

ಕರಾವಳಿಕಿಟ್ಟಿ:
ಸೀಸದ ಬ್ಯಾಟರಿ ಹಾಕುವುದಾದರೆ ನೀರಿನ ಸಂಗತಿ ಹೇಳಬೇಕು ಮಾರಾಯ್ರೆ. ಡಿಸ್ಟಿಲ್ಡ್ ವಾಟರ್ ಅಲ್ಲಿ ಹಳ್ಳಿಯಲ್ಲಿ ಸಿಗುವುದಿಲ್ಲ, ಬಾವಿ ನೀರು ಹಾಕಿ ಬಿಡ್ತಾರೆ. ಅಲ್ಲಿಯದ್ದು ನಮ್ಮಲ್ಲಿನ ಹಾಗೆ ಮುರಕಲ್ಲಿನ ನೆಲ, ನೀರಲ್ಲಿ ಕಬ್ಬಿಣ. ಕಬ್ಬಿಣ ಒಳಗೆ ಹೋದರೆ ಬ್ಯಾಟರಿ ಕೂತಲ್ಲೇ ಖಾಲಿಯಾಗುತ್ತದೆ. ಮಳೆ ನೀರು ಹಿಡಿಯಬಹುದು, ಆದರೆ ಝಿಂಕ್ ಮಾಡಿನಿಂದ ಇಳಿದದ್ದಲ್ಲ. ಬಯಲಲ್ಲಿ ಪ್ಲಾಸ್ಟಿಕ್ ಬೋಗುಣಿ ಇಟ್ಟು, ಮೊದಲ ಕಾಲು ಗಂಟೆಯ ನೀರು ಚೆಲ್ಲಿ, ಆಮೇಲಿನದ್ದು ಹಿಡಿದು ಮುಚ್ಚಿಡಿ. ಬರೀ ನೀರು, ಆ್ಯಸಿಡ್ ಅಲ್ಲ.

ಲಸಿಕೆಪೆಟ್ಟಿಗೆ:
@ಕರಾವಳಿಕಿಟ್ಟಿ ಇಷ್ಟೆಲ್ಲ ಯಾಕೆ, ಲಿಥಿಯಂ ಹಾಕಿದರೆ ನೀರಿನ ಗೊಡವೆಯೇ ಇಲ್ಲ.

ಕರಾವಳಿಕಿಟ್ಟಿ:
ಗೊಡವೆ ಇಲ್ಲ ಸರಿ. ಆದರೆ ಒಳಗೆ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಬೋರ್ಡ್ ಕೆಟ್ಟರೆ ಆ ಹಳ್ಳಿಯಲ್ಲಿ ಯಾರು ರಿಪೇರಿ ಮಾಡುವುದು? ಸೀಸದ ಬ್ಯಾಟರಿ ಮಕೇನಿ ಪೇಟೆಯಲ್ಲಿ ಸಿಕ್ಕೀತು.

ಮಲೆನಾಡ್ಮಳೆ:
ಮಕೇನಿಯಲ್ಲಿ ಸುಲಭಕ್ಕೆ ಸಿಗುವುದು ಕಾರಿನ ಬ್ಯಾಟರಿ. ಅದು ಸ್ಟಾರ್ಟ್ ಮಾಡುವುದಕ್ಕೆ ಹುಟ್ಟಿದ್ದು, ಪ್ಲೇಟು ತೆಳು. ದಿನಾ ಅರ್ಧ ಇಳಿಸಿ ಏರಿಸಿದರೆ ವರ್ಷವೂ ಬಾಳುವುದಿಲ್ಲ. ನನ್ನ ಮಟ್ಟಿಗೆ ಲಿಥಿಯಂ, ಜೊತೆಗೆ ಬಿಡಿ ಕಂಟ್ರೋಲರ್ ಒಂದು, ಬಿಡಿ ಬಲ್ಬು ಆರು ಮೊದಲೇ ಕೊಟ್ಟಿಡುವುದು.

ಲೆಕ್ಕದಪುಸ್ತಕ:
ಮುಖ್ಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮುಂದಿನ ಬ್ಯಾಟರಿಗೆ ಹಣ ಯಾರದ್ದು? ಪ್ಯಾನೆಲ್ 20-25 ವರ್ಷ ಬಾಳುತ್ತದೆ. ಬ್ಯಾಟರಿ ಸೀಸದ್ದಾದರೆ 3-4 ವರ್ಷ, ಲಿಥಿಯಂ ಆದರೆ 8-10. ಅಲ್ಲಿಗೆ ದಾನಿಗಳು ಊರು ಬಿಟ್ಟಿರುತ್ತಾರೆ. ಆ ದೇಶದಲ್ಲಿ 2010ರಿಂದ ಗರ್ಭಿಣಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಚಿಕಿತ್ಸೆ ಉಚಿತ. ಒಳ್ಳೆಯ ಯೋಜನೆ. ಹಾಗಾಗಿ ಹೆರಿಗೆಗೆ ಬಂದವರಿಂದ ದೀಪದ ಹಣ ವಸೂಲಿ ಮಾಡುವ ಹಾಗಿಲ್ಲ, ಮಾಡಲೂಬಾರದು.

ಬೊಂಬಾಯಿಮಿಠಾಯಿ:
ಫೋನ್ ಚಾರ್ಜಿಂಗ್‌ನಿಂದ ಬರುತ್ತದಲ್ಲ. ಕರೆಂಟ್ ಇಲ್ಲದ ಊರಲ್ಲಿ ಚಾರ್ಜ್ ಮಾಡಿಸಿಕೊಳ್ಳಲು ಜನ ದುಡ್ಡು ಕೊಟ್ಟೇ ಕೊಡುತ್ತಾರೆ.

ಧಾರವಾಡ_ವೈರಿಂಗ್:
ಬ್ಯಾಡ್ರಿ. ಫೋನಿನಿಂದನ ಎಷ್ಟೋ ಸೋಲಾರ್ ಹಾಳಾಗ್ಯಾವ. ಹಗಲೆಲ್ಲಾ ಊರ ಫೋನ್ ತುಂಬತಾವ, ರಾತ್ರಿ ಹೆರಿಗಿ ಹೊತ್ತಿಗೆ ಬ್ಯಾಟರಿ ಖಾಲಿ.

ಮಲೆನಾಡ್ಮಳೆ:
ಇಬ್ಬರದ್ದೂ ನಿಜ, ಅದಕ್ಕೇ ಬೇರೆ ಮಾಡಿ. ದಿನಕ್ಕೆ 20 ಫೋನ್, ತಲಾ 12 ವಾಟ್-ಅವರ್, 240 ಆಯಿತು. ಅದಕ್ಕೆ 100 ವಾಟ್‌ನ ಇನ್ನೊಂದು ಪ್ಯಾನೆಲ್, ಪುಟ್ಟ ಬ್ಯಾಟರಿ, ಜಗಲಿಯಲ್ಲಿ ಬೋರ್ಡ್. ಹೆರಿಗೆ ಕೋಣೆಯ ಬ್ಯಾಟರಿಗೂ ಇದಕ್ಕೂ ಒಂದೆಳೆ ತಂತಿಯ ಸಂಬಂಧವೂ ಬೇಡ. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಮಾತ್ರ. ಆ ಹಣ ಬ್ಯಾಟರಿ ನಿಧಿಗೆ.

ಲೆಕ್ಕದಪುಸ್ತಕ:
ನಿಧಿ ಇಡುವುದಕ್ಕೆ ಅಲ್ಲಿಯದೇ ಪದ್ಧತಿ ಇದೆ, ಓಸುಸು. ನಮ್ಮ ಚೀಟಿಯ ಹಾಗೇ: ಗುಂಪಿನವರೆಲ್ಲ ಹಣ ಹಾಕಿ ಸರದಿಯಂತೆ ಎತ್ತಿಕೊಳ್ಳುತ್ತಾರೆ. ಹೆಂಗಸರ ಗುಂಪುಗಳು ಚೆನ್ನಾಗಿ ನಡೆಸುತ್ತವೆ. ಬ್ಯಾಟರಿಯನ್ನೂ ಒಬ್ಬ ಸದಸ್ಯನಂತೆ ಸೇರಿಸಿ ಅದಕ್ಕೊಂದು ಸರದಿ ಕೊಡಲು ಕೇಳಿ.

ಮತ್ತೆ, ಹಣ ಕಟ್ಟುವ ತಿಂಗಳನ್ನು ಬೆಂಗಳೂರಲ್ಲಿ ಕೂತು ನಿಗದಿ ಮಾಡಬೇಡಿ. ಜುಲೈಯಿಂದ ಸೆಪ್ಟೆಂಬರ್ ಅಲ್ಲಿ ಹಸಿವಿನ ಕಾಲ. ಹಳೆ ಅಕ್ಕಿ ಮುಗಿದಿರುತ್ತದೆ, ಹೊಸ ಭತ್ತ ಗದ್ದೆಯಲ್ಲಿರುತ್ತದೆ. ಸೂರ್ಯ ಕೈಕೊಡುವ ತಿಂಗಳಲ್ಲೇ ಕೈಯಲ್ಲಿ ಕಾಸೂ ಇರುವುದಿಲ್ಲ. ಕಂತಿನ ಮೇಲೆ ಮಾರುವ ಮನೆ ಸೋಲಾರ್‌ಗಳಿಗೂ ಇದೇ ಪೆಟ್ಟು: ಮೊಬೈಲ್ ಹಣದಲ್ಲಿ ಕಂತು ಕಟ್ಟದಿದ್ದರೆ ಪೆಟ್ಟಿಗೆ ತಾನಾಗಿ ಲಾಕ್ ಆಗುತ್ತದೆ, ಬಡವರ ಮನೆ ಸರಿಯಾಗಿ ಆಗಸ್ಟ್‌ನಲ್ಲಿ ಕತ್ತಲಾಗುತ್ತದೆ. ವಸೂಲಿಯನ್ನು ಸುಗ್ಗಿಯ ನಂತರ, ಡಿಸೆಂಬರ್-ಜನವರಿಗೆ ಇಡಬೇಕು.

ತಂತಿಕಂಬ:
ದೀಪದ ಬಗ್ಗೆ ಇಷ್ಟು ಮಾತಾಡಿದೆವು, ಒಲೆಯ ಸುದ್ದಿ ಯಾರೂ ಎತ್ತಲಿಲ್ಲ. ಆ ಹಳ್ಳಿಯ ಮನೆಗಳು ಸುಡುವ ಶಕ್ತಿಯಲ್ಲಿ ದೀಪದ ಪಾಲು ಚಿಟಿಕೆಯಷ್ಟು. ಉಳಿದದ್ದೆಲ್ಲ ಮೂರು ಕಲ್ಲಿನ ಒಲೆಯ ಸೌದೆ. ಫ್ರೀಟೌನ್‌ಗೆ ಇದ್ದಿಲು. ಮಣ್ಣು ಮುಚ್ಚಿ ಸುಡುವ ಗೂಡಿನಲ್ಲಿ ಒಂದು ಕಿಲೋ ಇದ್ದಿಲಿಗೆ ಆರೇಳು ಕಿಲೋ ಮರ ಹೋಗುತ್ತದೆ.

ಕರಾವಳಿಕಿಟ್ಟಿ:
ಮೀನಿನ ಹೊಗೆಯನ್ನೂ ಸೇರಿಸಿ. ಟೊಂಬೊ ಅಂತ ದೊಡ್ಡ ಮೀನುಗಾರಿಕೆ ಊರು ಇದೆ, ಫ್ರೀಟೌನ್‌ನ ಆಚೆ. ಬೇಕಷ್ಟು ಐಸ್ ಸಿಗದ ಕಾರಣ ಬಂದ ಮೀನನ್ನು ಆ ದಿನವೇ ಹೊಗೆ ಹಾಕಬೇಕು. ಹೊಗೆ ಹಾಕುವ ಗುಡಿಸಲಿಗೆ ಬಂಡಾ ಅಂತಾರೆ. ಒಳಗೆ ಹೆಂಗಸರು ಕಣ್ಣು ಉರಿಸಿಕೊಂಡು ಗಂಟೆಗಟ್ಟಲೆ ನಿಲ್ಲಬೇಕು. ಸೌದೆಗೆ ಕಾಂಡ್ಲಾ (ಮ್ಯಾಂಗ್ರೋವ್) ಕಡಿಯುತ್ತಾರೆ, ಕಾಂಡ್ಲಾ ಹೋದರೆ ಮೀನು ಮರಿ ಮಾಡುವ ಜಾಗವೂ ಹೋಯಿತು. ಘಾನಾದ ಚೋರ್ಕೋರ್ ಒಲೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಹದಿನೈದರವರೆಗೆ ಪೇರಿಸಬಹುದು, ಹೊಗೆ ಒಳಗೇ ಸುತ್ತುತ್ತದೆ, ಸೌದೆ ಎಷ್ಟೋ ಉಳಿಯುತ್ತದೆ.

ಬೊಂಬಾಯಿಮಿಠಾಯಿ:
ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಅಲ್ಲಿ ಆಗಲ್ವಾ?

ತಂತಿಕಂಬ:
ಮೂರು ಪಾತ್ರೆ, ಚಿಮಣಿ. ಒಳ್ಳೆಯ ಒಲೆ. ಆದರೆ ಚಿಮಣಿಯನ್ನು ಆಗಾಗ ಗುಡಿಸದಿದ್ದರೆ ಮಸಿ ಕಟ್ಟಿ ಹೊಗೆ ಮನೆಯೊಳಗೇ ತಿರುಗುತ್ತದೆ. ಅಲ್ಲಿ ಬೇಯುವುದು ದೊಡ್ಡ ಹಂಡೆ ಅನ್ನ, ಇನ್ನೊಂದರಲ್ಲಿ ಮರಗೆಣಸಿನ ಸೊಪ್ಪಿನ ಸಾರು. ಒಲೆಯ ಬಾಯಿ ಆ ಹಂಡೆಗೆ ಕೂರಬೇಕು, ಇಲ್ಲದಿದ್ದರೆ ವಾರದಲ್ಲಿ ಮತ್ತೆ ಮೂರು ಕಲ್ಲಿಗೇ ಹೋಗುತ್ತಾರೆ.

ದೀಪದಮಲ್ಲಿ:
ಒಲೆಗೆ ಇನ್ನೊಂದು ಚರ್ಚೆ ತೆರೆಯೋಣ, ದಯವಿಟ್ಟು. ಪ್ಯಾನೆಲ್ ಕೂರಿಸುವ ಕೋನ, ದುರಸ್ತಿಗೆ ಯಾರು ಅನ್ನುವುದು ಉಳಿದಿದೆ.

ಮಲೆನಾಡ್ಮಳೆ:
ಊರು ಸುಮಾರು 8-9 ಡಿಗ್ರಿ ಉತ್ತರದಲ್ಲಿದೆ. ದಕ್ಷಿಣಕ್ಕೆ 10 ಡಿಗ್ರಿ ವಾಲಿಸಿ, ಹೆಚ್ಚು ಬೇಡ. ಆಗಸ್ಟ್‌ನಲ್ಲಿ ಸೂರ್ಯ ಅಲ್ಲಿ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಜಾಸ್ತಿ ವಾಲಿಸಿದರೆ ಬಡ ತಿಂಗಳಲ್ಲೇ ನಷ್ಟ. ಹತ್ತಕ್ಕಿಂತ ಕಮ್ಮಿ ಮಾಡಿದರೆ ನೀರು ನಿಂತು ಪಾಚಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಹಾರಾದ ಹರ್ಮಟಾನ್ ಗಾಳಿಯ ಧೂಳು ಗಾಜಿನ ಮೇಲೆ ಹಿಟ್ಟಿನ ಹಾಗೆ ಕೂರುತ್ತದೆ. ವಾರಕ್ಕೊಮ್ಮೆ ಬೆಳಕು ಹರಿಯುವ ಮುಂಚೆ, ಗಾಜು ತಣ್ಣಗಿರುವಾಗ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಣ ಪೊರಕೆ ಹಾಕಿದರೆ ಗೀರು ಬೀಳುತ್ತದೆ.

ಲೆಕ್ಕದಪುಸ್ತಕ:
ದುರಸ್ತಿಗೆ: ರಾಜಸ್ಥಾನದ ತಿಲೋನಿಯಾದ ಬೇರ್‌ಫುಟ್ ಕಾಲೇಜಿನಲ್ಲಿ ಆರು ತಿಂಗಳು ಸೋಲಾರ್ ಕಲಿತು ಹೋದ ಸಿಯೆರಾ ಲಿಯೋನ್‌ನ ಹಳ್ಳಿ ಹೆಂಗಸರಿದ್ದಾರೆ. ಓದು ಬರಹ ಬಾರದವರೂ ಬಣ್ಣ, ಸನ್ನೆ ನೋಡಿಯೇ ಸರ್ಕ್ಯೂಟ್ ಬೆಸುಗೆ ಕಲಿತರು. ಪೋರ್ಟ್ ಲೋಕೋ ಜಿಲ್ಲೆಯ ಕೊಂಟಾ ಲೈನ್‌ನಲ್ಲಿ ಅವರ ತರಬೇತಿ ಕೇಂದ್ರ ನಡೆದಿತ್ತು. ಹೊರಗಿನಿಂದ ತಂತ್ರಜ್ಞರನ್ನು ಕರೆದೊಯ್ಯುವ ಮುಂಚೆ ಅವರನ್ನು ವಿಚಾರಿಸಿ.

ದೀಪದಮಲ್ಲಿ:
ತುಂಬಾ ಉಪಕಾರ. ತಿದ್ದಿದ ಪಟ್ಟಿ: 36 ಸೆಲ್‌ನ 160 ವಾಟ್ ಪ್ಯಾನೆಲ್, ಲಿಥಿಯಂ 12.8 ವೋಲ್ಟ್ 120 ಎ.ಎಚ್.; ಲಿಥಿಯಂ ಸೆಟ್ಟಿಂಗ್ ಇರುವ 20 ಆಂಪಿಯರ್ ಕಂಟ್ರೋಲರ್ ಎರಡು, ಒಂದು ಬಿಡಿ; 12 ವೋಲ್ಟ್ ಡಿಸಿ ಬಲ್ಬ್ 7 ವಾಟ್‌ನವು ನಾಲ್ಕು, 10 ವಾಟ್‌ನದು ಒಂದು, ಬಿಡಿ ಆರು; ಜಗಲಿಗೆ ಬೇರೆ 100 ವಾಟ್ ಪ್ಯಾನೆಲ್, ಅದರ ಬ್ಯಾಟರಿ, ಚಾರ್ಜಿಂಗ್ ಬೋರ್ಡ್; 6 ಸ್ಕ್ವೇರ್ ಎಂಎಂ ಕೇಬಲ್ 30 ಮೀಟರ್; 30 ಆಂಪಿಯರ್ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಕಡಿಯುವ ಸ್ವಿಚ್); ತಲೆಗೆ ಕಟ್ಟುವ ಟಾರ್ಚ್ ಎರಡು.

ಧಾರವಾಡ_ವೈರಿಂಗ್:
ಮನಿ ಎಂಸಿಬಿ ಡಿಸಿಗೆ ನಡಿಯೂದಿಲ್ಲ, ಕಿಡಿ ಕಡಿಯೂದಿಲ್ಲ ಅದು. ಡಿಸಿ ಫ್ಯೂಸ್ ಬರೀರಿ, ಬ್ಯಾಟರಿ ಪ್ಲಸ್‌ನಿಂದ ಒಂದ್ ಗೇಣಿನೊಳಗ ಕೂಡಬೇಕು. ಬಿಡಿ ಫ್ಯೂಸ್ ಹತ್ತು ಇಡ್ರಿ, ಇಲ್ಲಂದ್ರ ತಂತಿ ಸುತ್ತತಾರ. ಮತ್ತ ಕೇಬಲ್ 30 ಮೀಟರ್ ಒಂಟಿ ಎಳಿ ಆದ್ರ ಸಾಲೂದಿಲ್ಲ. ಹೋಗಾಕ ಒಂದು, ಬರಾಕ ಒಂದು, 60 ಬೇಕು.

ದೀಪದಮಲ್ಲಿ:
ಒಂಟಿ ಎಳೆಯೇ ಬರೆದಿದ್ದೆ. 60 ಮಾಡಿದೆ, ಫ್ಯೂಸ್ ಹತ್ತು ಸೇರಿಸಿದೆ.